ಓಪನ್‌ಟೆಲಿಮೆಟ್ರಿ ವಿಮರ್ಶೆ: ವೆಂಡರ್ ಹಂಗು ತಪ್ಪುವುದು ಎಲ್ಲಿಯವರೆಗೆ

ನಾಲ್ಕೈದು ವರ್ಷ ಹಳೆಯದಾದ ಯಾವುದಾದರೂ ಅಪ್ಲಿಕೇಶನ್ನಿನ ಕೋಡ್ ತೆರೆದು, ಮಾನಿಟರಿಂಗ್ ಕಂಪನಿಯ ಲೈಬ್ರರಿ ಎಷ್ಟು ಫೈಲ್‌ಗಳಲ್ಲಿ ಇಂಪೋರ್ಟ್ ಆಗಿದೆ ಎಂದು ಹುಡುಕಿ ನೋಡಿ. ಆ ಕಂಪನಿಯನ್ನು ಬಿಟ್ಟು ಬರಬೇಕಾದಾಗ ತೆರಬೇಕಾದ ಬೆಲೆ ಆ ಎಣಿಕೆಯಲ್ಲೇ ಇದೆ. ದರ ಏರಿದರೂ ಸೇವೆ ಕೆಟ್ಟರೂ ಅಷ್ಟು ಫೈಲ್ ತಿದ್ದಿ, ಪರೀಕ್ಷಿಸಿ, ಮತ್ತೆ ಬಿಡುಗಡೆ ಮಾಡುವ ಕೆಲಸಕ್ಕೆ ಅಂಜಿ ತಂಡಗಳು ಸುಮ್ಮನಾಗುತ್ತವೆ.

ಅಪ್ಲಿಕೇಶನ್ನಿನ ಮಾನಿಟರಿಂಗ್ ಮಾಹಿತಿಯನ್ನು ಹೊರತೆಗೆದು ಸಾಗಿಸುವ ಮುಕ್ತ ಯೋಜನೆಯಾದ ಓಪನ್‌ಟೆಲಿಮೆಟ್ರಿ ಈ ಎಣಿಕೆಯನ್ನು ಸೊನ್ನೆಗೆ ಇಳಿಸುವ ಭರವಸೆ ಕೊಡುತ್ತದೆ. ತೀರ್ಪು ಮೊದಲೇ ಹೇಳುವುದಾದರೆ: ಟ್ರೇಸ್‌ಗೆ (ಒಂದು ವಿನಂತಿ ಸೇವೆಯಿಂದ ಸೇವೆಗೆ ಸಾಗಿದ ಜಾಡು) ಇದನ್ನು ಬಿಟ್ಟು ಬೇರೆಯದನ್ನು ಆರಿಸಲು ಇವತ್ತು ಕಾರಣವಿಲ್ಲ. ಮೆಟ್ರಿಕ್‌ಗೆ (ಕಾಲಕಾಲಕ್ಕೆ ಅಳೆದ ಅಂಕಿಗಳು) ಚೆನ್ನಾಗಿದೆ, ಆದರೆ ಡೀಫಾಲ್ಟ್‌ಗಳನ್ನು ನಂಬಿ ಕೂತರೆ ತಪ್ಪು ಅಂಕಿ ಕಾಣಿಸುತ್ತದೆ. ಲಾಗ್‌ಗೆ ಪರವಾಗಿಲ್ಲ. ಎರರ್ ರಿಪೋರ್ಟಿಂಗ್‌ಗೆ ಇದೊಂದೇ ಸಾಲದು. ಈ ನಾಲ್ಕನ್ನೂ ಒಟ್ಟಿಗೆ ಹಿಡಿದಿರುವ ಕಲೆಕ್ಟರ್ (ಅಪ್ಲಿಕೇಶನ್ ಮತ್ತು ವೆಂಡರ್ ನಡುವೆ ನಿಂತು ಡೇಟಾ ಪಡೆದು ಕಳಿಸುವ ಪ್ರೋಗ್ರಾಂ) ಎಂಬ ಭಾಗವೇ ಇಡೀ ಯೋಜನೆಯ ನಿಜವಾದ ಬಲ. ಹೆಚ್ಚಿನ ಕಷ್ಟ ಇರುವುದೂ ಅಲ್ಲೇ.

ಇದು ಏನು, ಏನಲ್ಲ

2019ರಲ್ಲಿ ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಎಂಬ ಎರಡು ಯೋಜನೆಗಳು ಒಂದಾಗಿ ಹುಟ್ಟಿದ್ದು ಇದು. ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ನಿನ ಅಡಿಯಲ್ಲಿ ನಡೆಯುತ್ತದೆ, ಪರವಾನಗಿ ಅಪಾಚೆ 2.0. ಹೊಸಬರು ಮೊದಲು ಎಡವುವುದು ಒಂದೇ ಕಡೆ: ಇದರಲ್ಲಿ ಡೇಟಾ ಇಡುವ ಜಾಗವಿಲ್ಲ, ಗ್ರಾಫ್ ತೋರಿಸುವ ಪರದೆಯಿಲ್ಲ, ಅಲರ್ಟ್ ಇಲ್ಲ. ಅಪ್ಲಿಕೇಶನ್ನಿನೊಳಗಿಂದ ಮಾಹಿತಿ ಹೊರತೆಗೆದು, ಎಲ್ಲರಿಗೂ ಅರ್ಥವಾಗುವ ಒಂದೇ ರೂಪದಲ್ಲಿ ಬೇಕಾದಲ್ಲಿಗೆ ಸಾಗಿಸುವವರೆಗೆ ಮಾತ್ರ ಇದರ ಕೆಲಸ. ಆಚೆ ತುದಿಯಲ್ಲಿ ಮೆಟ್ರಿಕ್‌ಗೆ ಪ್ರೊಮೀಥಿಯಸ್, ಟ್ರೇಸ್‌ಗೆ ಯೇಗರ್, ಲಾಗ್‌ಗೆ ಲೋಕಿ ಇರಬಹುದು, ಹಣ ಕೊಟ್ಟು ಪಡೆಯುವ ಯಾವುದಾದರೂ ಸೇವೆಯೂ ಇರಬಹುದು.

ಒಳಗಿನ ವಿನ್ಯಾಸದಲ್ಲಿ ಮೆಚ್ಚಬೇಕಾದ್ದು ಎಪಿಐ (ಕೋಡ್‌ನಿಂದ ಕರೆಯುವ ಫಂಕ್ಷನ್‌ಗಳು) ಮತ್ತು ಎಸ್‌ಡಿಕೆ (ಡೇಟಾವನ್ನು ನಿಜವಾಗಿ ಸೇರಿಸಿ ಕಳಿಸುವ ಭಾಗ) ಬೇರೆ ಬೇರೆ ಆಗಿರುವುದು. ಲೈಬ್ರರಿ ಬರೆಯುವವರು ಎಪಿಐ ಒಂದನ್ನೇ ಅವಲಂಬಿಸಿದರೆ ಸಾಕು. ಆ ಲೈಬ್ರರಿ ಬಳಸುವ ಅಪ್ಲಿಕೇಶನ್ನಿನಲ್ಲಿ ಎಸ್‌ಡಿಕೆ ಇಲ್ಲದಿದ್ದರೆ ಎಪಿಐ ಕರೆಗಳು ಏನೂ ಮಾಡದೆ ಹಿಂದಿರುಗುತ್ತವೆ. ಎರರ್ ಬರುವುದಿಲ್ಲ, ವೇಗ ತಗ್ಗುವುದಿಲ್ಲ. ಜಾವಾ ಬಳಗಕ್ಕೆ ಇದು ಹೊಸತಲ್ಲ. ಲಾಗಿಂಗ್‌ನಲ್ಲಿ ಎಸ್‌ಎಲ್‌ಎಫ್‌4ಜೆ, ಮೆಟ್ರಿಕ್‌ನಲ್ಲಿ ಮೈಕ್ರೋಮೀಟರ್ ಇದೇ ದಾರಿ ಹಿಡಿದಿದ್ದವು. ಓಪನ್‌ಟೆಲಿಮೆಟ್ರಿ ಅದನ್ನು ಹಲವು ಭಾಷೆಗಳಿಗೆ ಒಯ್ದು, ಕೆಳಗೆ ಓಟಿಎಲ್‌ಪಿ ಎಂಬ ಒಂದೇ ಸಾಗಣೆ ಪ್ರೋಟೊಕಾಲ್ ಹಾಕಿತು. ಡೇಟಾ ಇಟ್ಟು ತೋರಿಸುವ ಬ್ಯಾಕೆಂಡ್‌ಗಳು ಆ ಪ್ರೋಟೊಕಾಲನ್ನು ಒಪ್ಪಿಕೊಂಡದ್ದೇ ಈ ಯೋಜನೆ ಗೆದ್ದ ಕಾರಣ. 2024ರ ನವೆಂಬರ್‌ನಲ್ಲಿ ಬಂದ ಪ್ರೊಮೀಥಿಯಸ್ 3.0 ಓಟಿಎಲ್‌ಪಿ ಮೆಟ್ರಿಕ್‌ಗಳನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಅದೇ ತಿಂಗಳು ಬಂದ ಯೇಗರ್ ಎರಡನೇ ಆವೃತ್ತಿಯನ್ನು ಓಪನ್‌ಟೆಲಿಮೆಟ್ರಿ ಕಲೆಕ್ಟರ್ ಮೇಲೆಯೇ ಕಟ್ಟಲಾಗಿದೆ.

ಮೊದಲ ಗಂಟೆಯ ತೊಡಕುಗಳು

ಜಾವಾದಲ್ಲಿ ಶುರು ಮಾಡುವುದು ಅತ್ಯಂತ ಸುಲಭ. ಏಜೆಂಟ್ ಜಾರ್ ಫೈಲನ್ನು ಜೆವಿಎಂ ಆಯ್ಕೆಯಾಗಿ ಕೊಟ್ಟರೆ ಕೋಡ್ ಮುಟ್ಟದೆ ಎಚ್‌ಟಿಟಿಪಿ, ಡೇಟಾಬೇಸ್, ಮೆಸೇಜ್ ಕ್ಯೂ ಎಲ್ಲದಕ್ಕೂ ಸ್ಪ್ಯಾನ್ (ಟ್ರೇಸ್‌ನ ಒಂದು ಹಂತದ ದಾಖಲೆ) ಬರುತ್ತದೆ. ಪೈಥಾನ್‌ನಲ್ಲೂ ಆಟೋ ಇನ್‌ಸ್ಟ್ರುಮೆಂಟೇಶನ್ ಇದೆ. ಆದರೆ ಗುನಿಕಾರ್ನ್ ಹಾಗೆ ಫೋರ್ಕ್ ಮಾಡುವ ಸರ್ವರ್‌ಗಳಲ್ಲಿ, ಸ್ಪ್ಯಾನ್ ಕಳಿಸುವ ಹಿನ್ನೆಲೆಯ ಥ್ರೆಡ್ ತಾಯಿ ಪ್ರೋಸೆಸ್‌ನಲ್ಲೇ ಉಳಿದು, ಮಕ್ಕಳ ಪ್ರೋಸೆಸ್‌ಗಳಿಂದ ಏನೂ ಹೊರಗೆ ಬರದೆ ಹೋಗಬಹುದು. ಎಸ್‌ಡಿಕೆ ಆರಂಭಿಸುವ ಕೋಡನ್ನು ಪೋಸ್ಟ್ ಫೋರ್ಕ್ ಹುಕ್‌ನೊಳಗೆ ಇಡುವುದೇ ಇದಕ್ಕೆ ಮದ್ದು. ನೋಡ್‌ನಲ್ಲಿ ಕ್ರಮ ಮುಖ್ಯ: ಎಕ್ಸ್‌ಪ್ರೆಸ್ ಅಥವಾ ಎಚ್‌ಟಿಟಿಪಿ ಮಾಡ್ಯೂಲ್ ಲೋಡ್ ಆಗುವ ಮೊದಲೇ ಎಸ್‌ಡಿಕೆ ಲೋಡ್ ಆಗಿರಬೇಕು, ತಡವಾದರೆ ಸದ್ದಿಲ್ಲದೆ ಸ್ಪ್ಯಾನ್ ಮಾಯ. ಗೋ ಭಾಷೆಯಲ್ಲಿ ಹೆಚ್ಚಿನ ಕೆಲಸ ಕೈಯಾರೆ ಮಾಡಬೇಕು. ಕಾಂಟೆಕ್ಸ್ಟ್ ಅನ್ನು ಪ್ರತಿ ಫಂಕ್ಷನ್‌ಗೂ ದಾಟಿಸುವ ಶಿಸ್ತು ಮೊದಲೇ ಇದ್ದ ಕೋಡ್‌ಗೆ ಇದು ಹಗುರ, ಇಲ್ಲದಿದ್ದರೆ ವಾರಗಟ್ಟಲೆ ಕೆಲಸ.

ಏನೂ ಕಾಣಿಸುತ್ತಿಲ್ಲ ಎಂಬ ದೂರು ಬಂದರೆ ಮೊದಲು ಪೋರ್ಟ್ ನೋಡಿ. ಓಟಿಎಲ್‌ಪಿ ಎರಡು ಬಗೆಯಲ್ಲಿ ಸಾಗುತ್ತದೆ: ಜಿಆರ್‌ಪಿಸಿಗೆ 4317, ಎಚ್‌ಟಿಟಿಪಿಗೆ 4318. ಒಂದರ ಪೋರ್ಟ್‌ಗೆ ಇನ್ನೊಂದರ ಪ್ರೋಟೊಕಾಲ್ ಕಳಿಸುವುದು ಸಾಮಾನ್ಯ ತಪ್ಪು. ಜಾವಾ ಏಜೆಂಟ್ ತನ್ನ 2.0 ಆವೃತ್ತಿಯಲ್ಲಿ ಡೀಫಾಲ್ಟನ್ನು ಜಿಆರ್‌ಪಿಸಿಯಿಂದ ಎಚ್‌ಟಿಟಿಪಿಗೆ ಬದಲಿಸಿತು. ಹಾಗಾಗಿ 4317 ಎಂದು ಬರೆದಿಟ್ಟ ಹಳೆಯ ಕಾನ್ಫಿಗರೇಶನ್ ಏಜೆಂಟ್ ಅಪ್‌ಗ್ರೇಡ್ ಮಾಡಿದ ದಿನ ಮೌನವಾಗುತ್ತದೆ. ಎರಡನೆಯದು ವಿಳಾಸದ ಬಾಲ. ಎಚ್‌ಟಿಟಿಪಿಯಲ್ಲಿ ಸಾಮಾನ್ಯ ಎಂಡ್‌ಪಾಯಿಂಟ್ ವೇರಿಯೇಬಲ್‌ಗೆ ಮೂಲ ವಿಳಾಸ ಕೊಟ್ಟರೆ, ಟ್ರೇಸ್ ಮತ್ತು ಮೆಟ್ರಿಕ್‌ಗೆ ಬೇಕಾದ ಪಾಥ್ ಅನ್ನು ಎಸ್‌ಡಿಕೆಯೇ ಜೋಡಿಸುತ್ತದೆ. ಆದರೆ ಟ್ರೇಸ್‌ಗೆಂದೇ ಇರುವ ಪ್ರತ್ಯೇಕ ವೇರಿಯೇಬಲ್ ಬಳಸಿದರೆ ಕೊಟ್ಟದ್ದನ್ನು ಕೊಟ್ಟ ಹಾಗೇ ಬಳಸುತ್ತದೆ, ಪಾಥ್ ನೀವೇ ಬರೆಯಬೇಕು. 404 ಬಂದರೆ ಕಾರಣ ಹೆಚ್ಚಾಗಿ ಇದೇ.

ಸರ್ವಿಸ್ ನೇಮ್ ಕೊಡಲು ಮರೆತರೆ ಎಲ್ಲ ಸೇವೆಗಳೂ ಅನ್‌ನೋನ್ ಸರ್ವಿಸ್ ಎಂಬ ಒಂದೇ ಹೆಸರಿನಡಿ ಕಲಸಿಹೋಗುತ್ತವೆ. ಅದರ ಜೊತೆಗೆ ಆವೃತ್ತಿ ಮತ್ತು ಪರಿಸರದ ಹೆಸರನ್ನೂ ರಿಸೋರ್ಸ್ ಆಟ್ರಿಬ್ಯೂಟ್ (ಡೇಟಾ ಜೊತೆ ಅಂಟಿಸುವ ಗುರುತು) ಆಗಿ ಮೊದಲ ದಿನವೇ ಹಾಕಿಬಿಡಬೇಕು. ಆಮೇಲೆ ಸೇರಿಸಿದರೆ ಹಿಂದಿನ ಡೇಟಾ ಜೊತೆ ಹೋಲಿಕೆ ಸಾಧ್ಯವಾಗುವುದಿಲ್ಲ.

ಎಸ್‌ಡಿಕೆಯೊಳಗಿನ ಬ್ಯಾಚ್ ಸ್ಪ್ಯಾನ್ ಪ್ರೊಸೆಸರ್‌ನ ಅಂಕಿಗಳು ನೆನಪಿನಲ್ಲಿರಲಿ: ಕ್ಯೂನಲ್ಲಿ 2048 ಸ್ಪ್ಯಾನ್, ಒಂದು ಕಂತಿಗೆ 512, ಕಳಿಸುವ ಅಂತರ 5 ಸೆಕೆಂಡ್. ಕ್ಯೂ ತುಂಬಿದರೆ ಹೊಸ ಸ್ಪ್ಯಾನ್‌ಗಳನ್ನು ಬಿಸಾಡುತ್ತದೆ. ಅಪ್ಲಿಕೇಶನ್ ನಿಲ್ಲಿಸುವುದಿಲ್ಲ, ಅದು ಸರಿಯಾದ ಆಯ್ಕೆಯೇ. ಆದರೆ 2 ಸೆಕೆಂಡಿನಲ್ಲಿ ಮುಗಿಯುವ ಕ್ರಾನ್ ಕೆಲಸ ಅಥವಾ ಫಂಕ್ಷನ್‌ಗೆ 5 ಸೆಕೆಂಡಿನ ಅಂತರ ಎಂದರೆ, ಶಟ್‌ಡೌನ್ ಕರೆಯದೆ ಹೊರಬಂದರೆ ಒಂದು ಸ್ಪ್ಯಾನೂ ತಲುಪುವುದಿಲ್ಲ. ಮೆಟ್ರಿಕ್‌ನ ಡೀಫಾಲ್ಟ್ ಅಂತರ 60 ಸೆಕೆಂಡ್; ಅಲ್ಲಿ ನಷ್ಟ ಇನ್ನೂ ದೊಡ್ಡದು.

ಕಲೆಕ್ಟರ್

ಅಪ್ಲಿಕೇಶನ್‌ನಿಂದ ನೇರವಾಗಿ ವೆಂಡರ್‌ಗೆ ಕಳಿಸಲು ಅಡ್ಡಿಯಿಲ್ಲ. ಆದರೆ ಹಾಗೆ ಮಾಡಿದರೆ ವೆಂಡರ್ ವಿಳಾಸ ಮತ್ತು ಕೀಲಿ ಪ್ರತಿ ಸೇವೆಯ ಕಾನ್ಫಿಗರೇಶನ್ನಿನಲ್ಲೂ ಕೂರುತ್ತದೆ. ಕೋಡ್‌ನಿಂದ ಹೊರಹೋದ ಹಂಗು ಡಿಪ್ಲಾಯ್‌ಮೆಂಟ್ ಬಾಗಿಲಿನಿಂದ ಒಳಬರುತ್ತದೆ. ನಡುವೆ ಕಲೆಕ್ಟರ್ ಇಟ್ಟರೆ ಮಾತ್ರ ಬದಲಾವಣೆ ಒಂದೇ ಜಾಗದಲ್ಲಿ ಮುಗಿಯುತ್ತದೆ. ರಿಸೀವರ್ ತೆಗೆದುಕೊಳ್ಳುತ್ತದೆ, ಪ್ರೊಸೆಸರ್ ತಿದ್ದುತ್ತದೆ, ಎಕ್ಸ್‌ಪೋರ್ಟರ್ ಕಳಿಸುತ್ತದೆ; ಒಂದು ಪೈಪ್‌ಲೈನ್‌ನ ಕೊನೆಯನ್ನು ಇನ್ನೊಂದರ ಆರಂಭಕ್ಕೆ ಕಟ್ಟುವುದು ಕನೆಕ್ಟರ್. ಯಾಮಲ್ ಫೈಲ್‌ನಲ್ಲಿ ಘಟಕವೊಂದನ್ನು ವಿವರಿಸಿ, ಸರ್ವಿಸ್ ವಿಭಾಗದ ಪೈಪ್‌ಲೈನ್‌ಗೆ ಸೇರಿಸಲು ಮರೆತರೆ ಅದು ಓಡುವುದೇ ಇಲ್ಲ. ದೂರು ಕೂಡ ಕೊಡುವುದಿಲ್ಲ.

ಕಂಟೇನರ್‌ನಲ್ಲಿ ಓಡಿಸುವವರು ಗಮನಿಸಿ: 0.104 ಆವೃತ್ತಿಯಿಂದ ಕಲೆಕ್ಟರ್ ಡೀಫಾಲ್ಟ್ ಆಗಿ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕೇಳಿಸಿಕೊಳ್ಳುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯ ನಿರ್ಧಾರ. ಆದರೆ ಪಕ್ಕದ ಕಂಟೇನರ್‌ನಿಂದ ಬರುವ ಸಂಪರ್ಕ ನಿರಾಕರಣೆಯಾಗುತ್ತದೆ, ಎಂಡ್‌ಪಾಯಿಂಟ್ ಅನ್ನು 0.0.0.0:4317 ಎಂದು ಸ್ಪಷ್ಟವಾಗಿ ಬರೆಯಬೇಕು. ಹಳೆಯ ಪಾಠಗಳಿಂದ ನಕಲು ಮಾಡಿದ ಕಾನ್ಫಿಗರೇಶನ್ ಒಡೆಯುವ ಮತ್ತೊಂದು ಜಾಗ ಲಾಗಿಂಗ್ ಎಕ್ಸ್‌ಪೋರ್ಟರ್. ಅದನ್ನು ತೆಗೆದುಹಾಕಲಾಗಿದೆ, ಅದರ ಜಾಗದಲ್ಲಿ ಡೀಬಗ್ ಎಕ್ಸ್‌ಪೋರ್ಟರ್ ಬಂದಿದೆ.

ಪ್ರೊಸೆಸರ್‌ಗಳ ಕ್ರಮದಲ್ಲಿ ಮೆಮೊರಿ ಲಿಮಿಟರ್ ಯಾವಾಗಲೂ ಮೊದಲು. 2000 ಮೆಬಿಬೈಟ್ ಮಿತಿಯ ಕಂಟೇನರ್‌ಗೆ ಲೆಕ್ಕ ಹೀಗೆ: ಲಿಮಿಟ್ 1600, ಸ್ಪೈಕ್ ಲಿಮಿಟ್ 320, ತಪಾಸಣೆಯ ಅಂತರ 1 ಸೆಕೆಂಡ್. 1600ರಿಂದ 320 ಕಳೆದ 1280 ದಾಟಿದ ಕೂಡಲೇ ಹೊಸ ಡೇಟಾವನ್ನು ನಿರಾಕರಿಸಿ, ಕಳಿಸಿದವರಿಗೆ ಮತ್ತೆ ಪ್ರಯತ್ನಿಸುವಂತೆ ಹೇಳುತ್ತದೆ. 1600 ದಾಟಿದರೆ ಗಾರ್ಬೇಜ್ ಕಲೆಕ್ಷನ್‌ಗೆ ಒತ್ತಾಯಿಸುತ್ತದೆ. ಇದರ ಜೊತೆಗೆ ಗೋ ರನ್‌ಟೈಮ್‌ನ ಮೆಮೊರಿ ಮಿತಿಯ ವೇರಿಯೇಬಲನ್ನೂ ಕಂಟೇನರ್ ಮಿತಿಯ 80%ಕ್ಕೆ ಇಡಬೇಕು. ಲಿಮಿಟರ್ ಇಲ್ಲದ ಕಲೆಕ್ಟರ್ ದಟ್ಟಣೆಯ ಹೊತ್ತಿನಲ್ಲಿ ಮೆಮೊರಿ ಮೀರಿ ಸಾಯುತ್ತದೆ. ಅಂದರೆ ಡೇಟಾ ಅತ್ಯಂತ ಬೇಕಾದ ಗಳಿಗೆಯಲ್ಲೇ ಸಾಯುತ್ತದೆ.

ಕಳಿಸುವ ಕ್ಯೂ ಬಗ್ಗೆ ಹೆಚ್ಚಿನವರು ಲೆಕ್ಕ ಹಾಕುವುದೇ ಇಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ಎಕ್ಸ್‌ಪೋರ್ಟರ್‌ನ ಕ್ಯೂ ಡೀಫಾಲ್ಟ್ ಅಳತೆ 1000. ಇದು 1000 ಸ್ಪ್ಯಾನ್ ಅಲ್ಲ, 1000 ಬ್ಯಾಚ್. ಬ್ಯಾಚ್ ಪ್ರೊಸೆಸರ್ 8192 ಐಟಂ ಸೇರಿದಾಗ ಅಥವಾ 200 ಮಿಲಿಸೆಕೆಂಡ್ ಕಳೆದಾಗ, ಯಾವುದು ಮೊದಲೋ ಆಗ, ಒಂದು ಬ್ಯಾಚ್ ಹೊರಬಿಡುತ್ತದೆ. ದಟ್ಟಣೆ ಕಡಿಮೆ ಇದ್ದರೆ ಹೆಚ್ಚಾಗಿ ಸಮಯವೇ ಮೊದಲು ಮುಗಿಯುತ್ತದೆ: ಸೆಕೆಂಡಿಗೆ 5 ಪುಟ್ಟ ಬ್ಯಾಚ್. ಬ್ಯಾಕೆಂಡ್ ಕೆಳಗೆ ಬಿದ್ದರೆ 1000 ಜಾಗ 200 ಸೆಕೆಂಡಿನಲ್ಲಿ, ಅಂದರೆ 3 ನಿಮಿಷ 20 ಸೆಕೆಂಡಿನಲ್ಲಿ ತುಂಬಿಹೋಗುತ್ತದೆ. ಮೆಮೊರಿ ಬಹುಪಾಲು ಖಾಲಿ ಇದ್ದರೂ ಡೇಟಾ ಬಿದ್ದುಹೋಗುತ್ತದೆ. ದಟ್ಟಣೆ ಹೆಚ್ಚಿದ್ದರೆ ಕಥೆ ತಿರುಗುಮುರುಗು: 1000 ತುಂಬಿದ ಬ್ಯಾಚ್ ಎಂದರೆ 81,92,000 ಸ್ಪ್ಯಾನ್. ಒಂದಕ್ಕೆ 1 ಕಿಲೋಬೈಟ್ ಹಿಡಿದರೂ 8 ಗಿಗಾಬೈಟ್ ದಾಟುತ್ತದೆ. ಕ್ಯೂ ತುಂಬುವ ಮೊದಲೇ ಮೆಮೊರಿ ಲಿಮಿಟರ್ ಬಾಗಿಲು ಹಾಕುತ್ತದೆ. ಸಣ್ಣ ವ್ಯವಸ್ಥೆಗೆ ಬ್ಯಾಚ್ ಅವಧಿಯನ್ನು 1 ಸೆಕೆಂಡಿಗೆ ಏರಿಸಿದರೆ ಅದೇ ಕ್ಯೂ 1000 ಸೆಕೆಂಡ್, ಅಂದರೆ ಸುಮಾರು 16 ನಿಮಿಷ ತಾಳುತ್ತದೆ. ಆದರೆ ಅಷ್ಟು ಮಾಡಿ ಸುಮ್ಮನಾಗುವಂತಿಲ್ಲ. ಮರುಪ್ರಯತ್ನದ ಒಟ್ಟು ಅವಧಿ ಡೀಫಾಲ್ಟ್ ಆಗಿ 300 ಸೆಕೆಂಡ್. 5 ನಿಮಿಷದ ನಂತರ ಆ ಬ್ಯಾಚನ್ನು ಕೈಬಿಡುತ್ತದೆ. ಅದನ್ನು 0 ಮಾಡಿದರೆ ಬಿಡದೆ ಪ್ರಯತ್ನಿಸುತ್ತಿರುತ್ತದೆ. ಕಲೆಕ್ಟರ್ ಮರುಚಾಲನೆಯಾದರೂ ಕ್ಯೂ ಉಳಿಯಬೇಕೆಂದರೆ ಫೈಲ್ ಸ್ಟೋರೇಜ್ ಎಕ್ಸ್‌ಟೆನ್ಶನ್ ಸೇರಿಸಿ ಡಿಸ್ಕ್ ಮೇಲೆ ಇಡಬೇಕು.

ಕಲೆಕ್ಟರ್ ತನ್ನ ಬಗ್ಗೆಯೇ 8888ನೇ ಪೋರ್ಟ್‌ನಲ್ಲಿ ಮೆಟ್ರಿಕ್ ಕೊಡುತ್ತದೆ. ರಿಸೀವರ್ ನಿರಾಕರಿಸಿದ ಸ್ಪ್ಯಾನ್, ಎಕ್ಸ್‌ಪೋರ್ಟರ್ ಕಳಿಸಲಾಗದ ಸ್ಪ್ಯಾನ್, ಕ್ಯೂನ ಈಗಿನ ಅಳತೆ: ಈ ಮೂರಕ್ಕೆ ಅಲರ್ಟ್ ಇಲ್ಲದೆ ಪ್ರೊಡಕ್ಷನ್‌ಗೆ ಬಿಡಬಾರದು. ಈ ಮೆಟ್ರಿಕ್‌ಗಳನ್ನು ಅದೇ ಕಲೆಕ್ಟರ್ ಮೂಲಕ ಕಳಿಸದೆ ಬೇರೆ ದಾರಿಯಲ್ಲಿ ಎಳೆದುಕೊಳ್ಳುವುದು ಒಳ್ಳೆಯದು. ದಾರಿ ಮುಚ್ಚಿದಾಗ ಮುಚ್ಚಿದೆ ಎಂಬ ಸುದ್ದಿ ಅದೇ ದಾರಿಯಲ್ಲಿ ಬರಲಾರದು.

ಕಾಂಟ್ರಿಬ್ ಹೆಸರಿನ ದೊಡ್ಡ ಹಂಚಿಕೆಯಲ್ಲಿ ಊಹಿಸಬಹುದಾದ ಎಲ್ಲ ಘಟಕಗಳೂ ಇವೆ. ಪ್ರಯೋಗಕ್ಕೆ ಸರಿ. ಪ್ರೊಡಕ್ಷನ್‌ನಲ್ಲಿ ಬೇಕಾದ ಏಳೆಂಟು ಘಟಕಗಳನ್ನಷ್ಟೇ ಆರಿಸಿ, ಕಲೆಕ್ಟರ್ ಬಿಲ್ಡರ್‌ನಿಂದ ಸ್ವಂತ ಬೈನರಿ ಕಟ್ಟಿಕೊಳ್ಳುವುದು ಮೇಲು: ಗಾತ್ರ ಇಳಿಯುತ್ತದೆ, ಸುರಕ್ಷತಾ ಸ್ಕ್ಯಾನ್‌ನಲ್ಲಿ ಬರುವ ಎಚ್ಚರಿಕೆಗಳೂ ಇಳಿಯುತ್ತವೆ.

ಟ್ರೇಸ್

ಸೇವೆಯಿಂದ ಸೇವೆಗೆ ಟ್ರೇಸ್ ದಾಟುವುದು ವೆಬ್ ಮಾನದಂಡ ಸಂಸ್ಥೆಯಾದ ಡಬ್ಲ್ಯು3ಸಿಯ ಟ್ರೇಸ್‌ಪೇರೆಂಟ್ ಹೆಡರ್ ಮೂಲಕ. ಆವೃತ್ತಿಗೆ 2 ಅಕ್ಷರ, ಟ್ರೇಸ್ ಐಡಿಗೆ 32, ಸ್ಪ್ಯಾನ್ ಐಡಿಗೆ 16, ಫ್ಲ್ಯಾಗ್‌ಗೆ 2, ನಡುವೆ 3 ಅಡ್ಡಗೆರೆ, ಒಟ್ಟು 55. ಟ್ರೇಸ್ ಎರಡು ತುಂಡಾಗಿ ಕಂಡರೆ, ತುಂಡಾದ ಜಾಗದಲ್ಲಿ ಈ ಹೆಡರನ್ನು ಕಿತ್ತುಹಾಕುವ ಪ್ರಾಕ್ಸಿ ಇದೆಯೇ, ಕಾಂಟೆಕ್ಸ್ಟ್ ಕಳೆದುಕೊಳ್ಳುವ ಥ್ರೆಡ್ ಪೂಲ್ ಇದೆಯೇ, ಹೆಡರ್ ಸಾಗಿಸದ ಮೆಸೇಜ್ ಕ್ಯೂ ಇದೆಯೇ ಎಂದು ಇದೇ ಕ್ರಮದಲ್ಲಿ ನೋಡುವುದು ವಾಸಿ.

ಎಲ್ಲವನ್ನೂ ಉಳಿಸಿಕೊಳ್ಳುವುದು ದುಬಾರಿ, ಆದ್ದರಿಂದ ಸ್ಯಾಂಪ್ಲಿಂಗ್ ಬೇಕು. ಆರಂಭದಲ್ಲೇ ನಿರ್ಧರಿಸುವ ಹೆಡ್ ಸ್ಯಾಂಪ್ಲಿಂಗ್ ಅಗ್ಗ, ಆದರೆ ತಪ್ಪಾದ ವಿನಂತಿ ಯಾವುದೆಂದು ಆಗ ಗೊತ್ತಿರುವುದಿಲ್ಲ. ಕೊನೆಯಲ್ಲಿ ನಿರ್ಧರಿಸುವ ಟೇಲ್ ಸ್ಯಾಂಪ್ಲಿಂಗ್ ಎರರ್ ಇರುವ, ನಿಧಾನವಾದ ಟ್ರೇಸ್‌ಗಳನ್ನೆಲ್ಲ ಉಳಿಸಿ, ಉಳಿದವುಗಳಲ್ಲಿ ಒಂದಷ್ಟನ್ನು ಮಾತ್ರ ಇಡಬಲ್ಲದು. ಇದಕ್ಕೆ ಎರಡು ಷರತ್ತು. ಒಂದು ಟ್ರೇಸ್‌ನ ಎಲ್ಲ ಸ್ಪ್ಯಾನ್‌ಗಳೂ ಒಂದೇ ಕಲೆಕ್ಟರ್‌ಗೆ ಬರಬೇಕು. ಹಾಗಾಗಿ ಮೊದಲ ಸಾಲಿನ ಕಲೆಕ್ಟರ್‌ಗಳಲ್ಲಿ ಟ್ರೇಸ್ ಐಡಿ ನೋಡಿ ಹಂಚುವ ಲೋಡ್ ಬ್ಯಾಲೆನ್ಸಿಂಗ್ ಎಕ್ಸ್‌ಪೋರ್ಟರ್, ಎರಡನೇ ಸಾಲಿನಲ್ಲಿ ಟೇಲ್ ಸ್ಯಾಂಪ್ಲರ್ ಎಂದು ಎರಡು ಹಂತ ಕಟ್ಟಬೇಕು. ಸಾಮಾನ್ಯ ಲೋಡ್ ಬ್ಯಾಲೆನ್ಸರ್ ಹಿಂದೆ ಮೂರು ಕಲೆಕ್ಟರ್ ನಿಲ್ಲಿಸಿದರೆ ಒಂದೊಂದೂ ಟ್ರೇಸ್‌ನ ಒಂದೊಂದು ಚೂರು ನೋಡಿ ತಪ್ಪು ತೀರ್ಮಾನ ಮಾಡುತ್ತದೆ. ಎರಡನೆಯದು ಮೆಮೊರಿ: ಡೀಫಾಲ್ಟ್ ಕಾಯುವ ಅವಧಿ 30 ಸೆಕೆಂಡ್, ಹಿಡಿದಿಡುವ ಟ್ರೇಸ್ 50,000. ಸೆಕೆಂಡಿಗೆ 3000 ಹೊಸ ಟ್ರೇಸ್ ಬಂದರೆ 30 ಸೆಕೆಂಡಿಗೆ 90,000 ಬೇಕು. ಹಾಗೇ ಬಿಟ್ಟರೆ ತೀರ್ಮಾನಕ್ಕೆ ಮೊದಲೇ ಹಳೆಯವು ಹೊರಬೀಳುತ್ತವೆ. ಹೆಚ್ಚಿನ ವಿನಂತಿಗಳು 2 ಸೆಕೆಂಡಿನೊಳಗೆ ಮುಗಿಯುವ ವ್ಯವಸ್ಥೆಗೆ ಕಾಯುವ ಅವಧಿಯನ್ನು 10 ಸೆಕೆಂಡಿಗೆ ಇಳಿಸುವುದು ಸುಲಭದ ಪರಿಹಾರ.

ಸ್ಪ್ಯಾನ್‌ಗಳಿಂದ ಮೆಟ್ರಿಕ್ ತಯಾರಿಸುವ ಸ್ಪ್ಯಾನ್‌ಮೆಟ್ರಿಕ್ಸ್ ಕನೆಕ್ಟರ್ ಇದ್ದರೆ ಅದು ಸ್ಯಾಂಪ್ಲಿಂಗ್‌ಗೆ ಮೊದಲು ಬರಬೇಕು. ಟೇಲ್ ಸ್ಯಾಂಪ್ಲರ್‌ನ ನಂತರ ಇಟ್ಟರೆ ಎರರ್ ಟ್ರೇಸ್‌ಗಳು ಪೂರ್ತಿ ಉಳಿದು, ಒಳ್ಳೆಯವು ಕಡಿಮೆಯಾಗಿ, ಎರರ್ ಪ್ರಮಾಣ ನಿಜಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಕಾಣುತ್ತದೆ.

ಮೆಟ್ರಿಕ್

ಇಲ್ಲಿನ ದೊಡ್ಡ ಬಲೆ ಹಿಸ್ಟೋಗ್ರಾಮ್, ಅಂದರೆ ಅಳತೆಗಳನ್ನು ಗಡಿಗಳ ನಡುವಿನ ಬುಟ್ಟಿಗಳಲ್ಲಿ ಎಣಿಸುವ ಮೆಟ್ರಿಕ್. ಡೀಫಾಲ್ಟ್ ಗಡಿಗಳು 0, 5, 10, 25 ಎಂದು ಶುರುವಾಗಿ 10,000ಕ್ಕೆ ಮುಗಿಯುತ್ತವೆ. ಮಿಲಿಸೆಕೆಂಡ್‌ಗೆ ಹೊಂದುವ ಅಳತೆ ಇದು. ಆದರೆ ಈಗಿನ ನಾಮಕರಣ ನಿಯಮ ಅವಧಿಯನ್ನು ಸೆಕೆಂಡಿನಲ್ಲಿ ಅಳೆಯಲು ಹೇಳುತ್ತದೆ. ಸ್ವಂತ ಹಿಸ್ಟೋಗ್ರಾಮ್ ಒಂದನ್ನು ಸೆಕೆಂಡಿನಲ್ಲಿ ತುಂಬಿ ಗಡಿ ಬದಲಿಸದಿದ್ದರೆ, 20 ಮಿಲಿಸೆಕೆಂಡಿನದೂ 3 ಸೆಕೆಂಡಿನದೂ 0ರಿಂದ 5ರ ಒಂದೇ ಬುಟ್ಟಿಗೆ ಬೀಳುತ್ತವೆ. 99ನೇ ಪರ್ಸೆಂಟೈಲ್ ಕೇಳಿದರೆ ಪ್ರೊಮೀಥಿಯಸ್ ಬುಟ್ಟಿಯೊಳಗೆ ಸಮನಾಗಿ ಹರಡಿದೆ ಎಂದು ಭಾವಿಸಿ 4.95 ಸೆಕೆಂಡ್ ಎನ್ನುತ್ತದೆ. ಗ್ರಾಫ್‌ನಲ್ಲಿ 4.95 ಎಂಬ ಅಲುಗಾಡದ ಗೆರೆ ಕಂಡರೆ ಸೇವೆ ನಿಧಾನವಾಗಿಲ್ಲ, ಗಡಿ ತಪ್ಪಿದೆ ಎಂದರ್ಥ. ಹಿಸ್ಟೋಗ್ರಾಮ್ ಸೃಷ್ಟಿಸುವಾಗಲೇ 0.005ರಿಂದ 10ರವರೆಗಿನ ಗಡಿಗಳನ್ನು ಸೂಚಿಸಿ, ಅಥವಾ ಎಸ್‌ಡಿಕೆಯ ವ್ಯೂ ಬಳಸಿ. ಬ್ಯಾಕೆಂಡ್ ಒಪ್ಪುವುದಾದರೆ ಗಡಿಗಳ ಗೋಜೇ ಇಲ್ಲದ ಎಕ್ಸ್‌ಪೊನೆನ್ಶಿಯಲ್ ಹಿಸ್ಟೋಗ್ರಾಮ್ ಬಳಸಿ.

ಇನ್ನೊಂದು, ಆಟ್ರಿಬ್ಯೂಟ್‌ಗಳ ಗುಣಾಕಾರ. 40 ರೂಟ್, 4 ಮೆಥಡ್, 6 ಸ್ಟೇಟಸ್ ಕೋಡ್ ಎಂದರೆ ಗರಿಷ್ಠ 960 ಜೋಡಣೆ. 14 ಗಡಿಯ ಹಿಸ್ಟೋಗ್ರಾಮ್‌ಗೆ 15 ಬುಟ್ಟಿ, ಮೊತ್ತ, ಎಣಿಕೆ ಸೇರಿ 17 ಸರಣಿ, ಒಟ್ಟು 16,320. ಇದಕ್ಕೆ 3 ಮೌಲ್ಯಗಳಿರುವ ಇನ್ನೊಂದು ಆಟ್ರಿಬ್ಯೂಟ್ ಸೇರಿಸಿದರೆ ಜೋಡಣೆ 2880 ಆಗಿ, ಎಸ್‌ಡಿಕೆಯ ಡೀಫಾಲ್ಟ್ ಮಿತಿಯಾದ 2000 ದಾಟುತ್ತದೆ. ಮಿತಿ ದಾಟಿದ ಜೋಡಣೆಗಳೆಲ್ಲ ಓವರ್‌ಫ್ಲೋ ಎಂಬ ಗುರುತಿನ ಒಂದೇ ಸರಣಿಗೆ ಸೇರುತ್ತವೆ. ಒಟ್ಟು ಮೊತ್ತ ಸರಿಯಿರುತ್ತದೆ, ವಿಂಗಡಣೆ ಕಳೆದುಹೋಗಿರುತ್ತದೆ. ಬಳಕೆದಾರರ ಐಡಿ, ಆರ್ಡರ್ ಸಂಖ್ಯೆ, ಪೂರ್ಣ ಯುಆರ್‌ಎಲ್ ಮೆಟ್ರಿಕ್‌ಗೆ ಸೇರಕೂಡದು. ಅವು ಟ್ರೇಸ್ ಅಥವಾ ಲಾಗ್‌ಗೆ.

ವೆಂಡರ್ ಬದಲಿಸುವಾಗ ಗೊತ್ತಾಗುವ ಸಂಗತಿ ಟೆಂಪೊರಾಲಿಟಿ. ಪ್ರೊಮೀಥಿಯಸ್‌ಗೆ ಆರಂಭದಿಂದ ಕೂಡುತ್ತ ಬಂದ ಮೊತ್ತ ಬೇಕು. ಕೆಲವು ಸೇವೆಗಳಿಗೆ ಹಿಂದಿನ ಬಾರಿಗಿಂತ ಎಷ್ಟು ಹೆಚ್ಚಾಯಿತು ಎಂಬ ವ್ಯತ್ಯಾಸ ಮಾತ್ರ ಬೇಕು. ಎಸ್‌ಡಿಕೆಯಲ್ಲಿ ಒಂದು ವೇರಿಯೇಬಲ್‌ನಿಂದ ಇದನ್ನು ಆರಿಸಬಹುದು. ಅಪ್ಲಿಕೇಶನ್‌ಗಳಲ್ಲೆಲ್ಲ ಕೂಡು ಮೊತ್ತವನ್ನೇ ಇಟ್ಟು, ಅಗತ್ಯ ಬಿದ್ದರೆ ಕಲೆಕ್ಟರ್‌ನಲ್ಲಿ ಪರಿವರ್ತಿಸುವುದು ವಾಸಿ. ನಡುವೆ ಒಂದು ರವಾನೆ ತಪ್ಪಿದರೂ ಕೂಡು ಮೊತ್ತ ಮುಂದಿನ ಬಾರಿ ಸರಿಹೋಗುತ್ತದೆ, ವ್ಯತ್ಯಾಸವಾದರೆ ಹೋದದ್ದು ಹೋದಂತೆಯೇ.

ಲಾಗ್

ಹೊಸ ಲಾಗಿಂಗ್ ಲೈಬ್ರರಿಯನ್ನು ಹೇರದೆ ಇದ್ದದ್ದು ವಿವೇಕದ ಕೆಲಸ. ಲಾಗ್‌4ಜೆ, ಪೈಥಾನ್‌ನ ಲಾಗಿಂಗ್ ಮುಂತಾದವು ಹಾಗೇ ಉಳಿಯುತ್ತವೆ, ಅವುಗಳ ಕೆಳಗೆ ಸಾಲುಗಳನ್ನು ಓಟಿಎಲ್‌ಪಿಯಲ್ಲಿ ಕಳಿಸುವ ಒಂದು ಅಪೆಂಡರ್ ಕೂರುತ್ತದೆ. ಲಾಭ ಒಂದೇ, ಆದರೆ ದೊಡ್ಡದು: ಪ್ರತಿ ಸಾಲಿಗೂ ಟ್ರೇಸ್ ಐಡಿ ತಾನಾಗಿ ಅಂಟುತ್ತದೆ. ತೀವ್ರತೆಗೆ 1ರಿಂದ 24ರವರೆಗೆ ಅಂಕಿಯಿದೆ. ಇನ್ಫೋ 9ರಿಂದ, ವಾರ್ನ್ 13ರಿಂದ, ಎರರ್ 17ರಿಂದ ಶುರು. ಹತ್ತು ಭಾಷೆಗಳ ಹತ್ತು ಹೆಸರುಗಳನ್ನು ಒಂದೇ ಸೋಸುವಿಕೆಯಲ್ಲಿ ಹಿಡಿಯಲು 17 ಅಥವಾ ಹೆಚ್ಚು ಎಂದರೆ ಸಾಕು. ಲಾಗ್ ಭಾಗದ ಪಕ್ವತೆ ಮಾತ್ರ ಭಾಷೆಯಿಂದ ಭಾಷೆಗೆ ಬೇರೆ. ನಿಮ್ಮ ಭಾಷೆಯ ಎಸ್‌ಡಿಕೆಯಲ್ಲಿ ಅದು ಸ್ಥಿರ ಎಂದು ಘೋಷಣೆಯಾಗಿದೆಯೇ ಎಂದು ನೋಡಿಯೇ ಮುಂದುವರಿಯಿರಿ.

ಫೈಲ್‌ನಿಂದ ಓದುವ ದಾರಿ ಹಿಡಿದರೆ ಫೈಲ್‌ಲಾಗ್ ರಿಸೀವರ್ ಡೀಫಾಲ್ಟ್ ಆಗಿ ಫೈಲ್‌ನ ಕೊನೆಯಿಂದ ಓದಲು ಶುರು ಮಾಡುತ್ತದೆ ಎಂಬುದು ನೆನಪಿರಲಿ. ಎಲ್ಲಿಯವರೆಗೆ ಓದಿದ್ದು ಎಂಬ ಗುರುತನ್ನು ಡಿಸ್ಕ್‌ನಲ್ಲಿ ಇಡಲು ಸ್ಟೋರೇಜ್ ಕೊಡದಿದ್ದರೆ, ಮರುಚಾಲನೆಯ ನಡುವೆ ಬರೆದ ಸಾಲುಗಳು ಕಾಣೆಯಾಗುತ್ತವೆ. ಮಲ್ಟಿಲೈನ್ ನಿಯಮ ಬರೆಯದಿದ್ದರೆ 40 ಸಾಲಿನ ಸ್ಟ್ಯಾಕ್ ಟ್ರೇಸ್ 40 ಬೇರೆ ಬೇರೆ ದಾಖಲೆಯಾಗುತ್ತದೆ. ಓಟಿಎಲ್‌ಪಿ ಅಪೆಂಡರ್ ಹಾಕಿದ ಮೇಲೂ ಕಂಟೇನರ್‌ನ ಔಟ್‌ಪುಟ್ ಓದುವ ಹಳೆಯ ಏಜೆಂಟ್ ಓಡುತ್ತಿದ್ದರೆ ಪ್ರತಿ ಸಾಲೂ ಎರಡು ಬಾರಿ ಹೋಗುತ್ತದೆ, ಬಿಲ್ ಕೂಡ ಎರಡರಷ್ಟು.

ಎರರ್ ರಿಪೋರ್ಟಿಂಗ್

ಓಪನ್‌ಟೆಲಿಮೆಟ್ರಿ ಎಕ್ಸೆಪ್ಶನ್‌ನ ಬಗೆ, ಸಂದೇಶ, ಸ್ಟ್ಯಾಕ್ ಟ್ರೇಸ್ ದಾಖಲಿಸುತ್ತದೆ. ಕೈಯಾರೆ ಬರೆಯುವವರಿಗೆ ಒಂದು ಮಾತು: ಎಕ್ಸೆಪ್ಶನ್ ದಾಖಲಿಸಿದ ಮಾತ್ರಕ್ಕೆ ಸ್ಪ್ಯಾನ್‌ನ ಸ್ಥಿತಿ ಎರರ್ ಆಗುವುದಿಲ್ಲ, ಸ್ಥಿತಿಯನ್ನು ಪ್ರತ್ಯೇಕವಾಗಿ ಹೊಂದಿಸಬೇಕು. ಇದನ್ನು ಮರೆತರೆ ಟೇಲ್ ಸ್ಯಾಂಪ್ಲರ್‌ನ ಎರರ್ ನಿಯಮ ಆ ಟ್ರೇಸನ್ನು ಹಿಡಿಯುವುದೇ ಇಲ್ಲ. ಸರ್ವರ್ ಕಡೆಯ ಸ್ಪ್ಯಾನ್‌ಗಳಲ್ಲಿ 4xx ಉತ್ತರ ಎರರ್ ಎಂದು ಗುರುತಾಗುವುದಿಲ್ಲ, ಕ್ಲೈಂಟ್ ಕಡೆ ಗುರುತಾಗುತ್ತದೆ. ಎರಡು ಕಡೆಯ ಎಣಿಕೆ ತಾಳೆಯಾಗದಿದ್ದರೆ ಮೊದಲು ಇದನ್ನು ನೋಡಿ.

ಆದರೆ ಎರರ್ ಸಾಧನದಿಂದ ತಂಡಕ್ಕೆ ಬೇಕಾಗಿರುವುದು ದಾಖಲೆಗಿಂತ ಹೆಚ್ಚಿನದು. ಹತ್ತು ಸಾವಿರ ಬಾರಿ ಬಂದ ಒಂದೇ ತಪ್ಪನ್ನು ಒಂದು ಸಮಸ್ಯೆಯಾಗಿ ಗುಂಪು ಮಾಡುವುದು, ಯಾವ ಬಿಡುಗಡೆಯಲ್ಲಿ ಮೊದಲು ಬಂತು ಎಂದು ಹೇಳುವುದು, ಸರಿಪಡಿಸಿದ ಮೇಲೆ ಮರಳಿ ಬಂದರೆ ಎಚ್ಚರಿಸುವುದು, ಕುಗ್ಗಿಸಿದ ಜಾವಾಸ್ಕ್ರಿಪ್ಟನ್ನು ಸೋರ್ಸ್ ಮ್ಯಾಪ್‌ನಿಂದ ಮೂಲ ಸಾಲಿಗೆ ತರುವುದು, ತಪ್ಪಿಗೆ ಮುಂಚಿನ ಕ್ಲಿಕ್‌ಗಳ ಜಾಡು. ಇವು ಯಾವುವೂ ಓಪನ್‌ಟೆಲಿಮೆಟ್ರಿಯ ವ್ಯಾಪ್ತಿಯಲ್ಲಿಲ್ಲ. ಎಲ್ಲವೂ ಬ್ಯಾಕೆಂಡ್‌ನ ಪಾಲು, ಬ್ಯಾಕೆಂಡ್‌ಗಳು ಇವನ್ನು ಒಂದೇ ರೀತಿ ಮಾಡುವುದಿಲ್ಲ. ಬ್ರೌಸರ್ ಮತ್ತು ಮೊಬೈಲ್ ಅಪ್ಲಿಕೇಶನ್‌ಗೆ ಸೆಂಟ್ರಿಯಂತಹ ಮೀಸಲು ಸಾಧನವೇ ಬೇಕು. ಅಲ್ಲಿ ವೆಂಡರ್ ಹಂಗನ್ನು ಸ್ವಲ್ಪ ಸಡಿಲಿಸುವ ದಾರಿಯಿದೆ: ಗ್ಲಿಚ್‌ಟಿಪ್ ಎಂಬ ಮುಕ್ತ ಸಾಧನ ಸೆಂಟ್ರಿಯ ಎಸ್‌ಡಿಕೆಗಳು ಕಳಿಸುವುದನ್ನೇ ಸ್ವೀಕರಿಸುತ್ತದೆ. ಯಾವುದನ್ನು ಆರಿಸಿದರೂ ಅಪ್ಲಿಕೇಶನ್ನಿನಲ್ಲಿ ಎರರ್ ವರದಿ ಮಾಡುವ ಒಂದೇ ಪುಟ್ಟ ಫಂಕ್ಷನ್ ಬರೆದು, ಲೈಬ್ರರಿಯನ್ನು ಅದರೊಳಗೆ ಮಾತ್ರ ಕರೆಯಿರಿ. ಈಗಿನ ಟ್ರೇಸ್ ಐಡಿಯನ್ನು ಟ್ಯಾಗ್ ಆಗಿ ಜೊತೆಗೆ ಕಳಿಸಿ. ಎರರ್ ಪುಟದಿಂದ ಟ್ರೇಸ್‌ಗೆ ಹೋಗಲು ಅಷ್ಟೇ ಸಾಕು.

ಹಂಗು ಉಳಿಯುವ ಜಾಗಗಳು

ಡ್ಯಾಶ್‌ಬೋರ್ಡ್, ಅಲರ್ಟ್ ನಿಯಮ, ಕ್ವೆರಿ ಭಾಷೆ ಇವೆಲ್ಲ ಬ್ಯಾಕೆಂಡ್‌ಗೆ ಸೇರಿದ್ದು, ಓಪನ್‌ಟೆಲಿಮೆಟ್ರಿ ಅವನ್ನು ಮುಟ್ಟುವುದಿಲ್ಲ. 200 ಅಲರ್ಟ್ ಇರುವ ತಂಡ ವೆಂಡರ್ ಬದಲಿಸಿದರೆ ಕೋಡ್ ತಿದ್ದಬೇಕಿಲ್ಲ, 200 ಅಲರ್ಟ್ ಮತ್ತೆ ಬರೆಯಬೇಕು. ಪ್ರೊಮೀಥಿಯಸ್‌ನ ಕ್ವೆರಿ ಭಾಷೆಯಾದ ಪ್ರಾಮ್‌ಕ್ಯುಎಲ್ ಒಪ್ಪುವ ಬ್ಯಾಕೆಂಡ್‌ಗಳ ನಡುವೆಯೇ ಓಡಾಡಿದರೆ ಈ ಹೊರೆ ಬಹಳ ತಗ್ಗುತ್ತದೆ. ವೆಂಡರ್‌ಗಳು ತಮ್ಮದೇ ಹೆಸರಿನಲ್ಲಿ ಕೊಡುವ ಎಸ್‌ಡಿಕೆ ಮತ್ತು ಕಲೆಕ್ಟರ್‌ಗಳಲ್ಲಿ ಮೂಲದಲ್ಲಿಲ್ಲದ ಘಟಕ ಸೇರಿದೆಯೇ ಎಂದು ನೋಡದೆ ಹಾಕಬೇಡಿ. ಬಿಟ್ಟುಬಂದ ಹಂಗು ಅದೇ ದಾರಿಯಲ್ಲಿ ಹಿಂದಿರುಗಬಹುದು.

ಹೆಸರುಗಳ ನಿಯಮವೂ ಕಾಡಿದೆ. 2023ರ ಕೊನೆಯಲ್ಲಿ ಎಚ್‌ಟಿಟಿಪಿ ನಾಮಕರಣ ಸ್ಥಿರವಾದಾಗ ಎಚ್‌ಟಿಟಿಪಿ.ಮೆಥಡ್ ಇದ್ದದ್ದು ಎಚ್‌ಟಿಟಿಪಿ.ರಿಕ್ವೆಸ್ಟ್.ಮೆಥಡ್ ಆಯಿತು, ಸ್ಟೇಟಸ್ ಕೋಡ್‌ನ ಹೆಸರೂ ಬದಲಾಯಿತು. ಲೈಬ್ರರಿ ಅಪ್‌ಗ್ರೇಡ್ ಆದ ಕೂಡಲೇ ಹಳೆಯ ಹೆಸರು ಹುಡುಕುವ ಅಲರ್ಟ್‌ಗಳು ಖಾಲಿ ಉತ್ತರ ಪಡೆದು ಮೌನವಾದವು. ಮೌನವಾದ ಅಲರ್ಟ್ ಎಲ್ಲ ಸರಿಯಿದೆ ಎಂಬಂತೆಯೇ ಕಾಣುತ್ತದೆ, ಅಪಾಯ ಇರುವುದು ಅಲ್ಲಿ. ಹಳೆಯ, ಹೊಸ ಎರಡೂ ಹೆಸರುಗಳನ್ನು ಒಟ್ಟಿಗೆ ಹೊರಬಿಡುವ ಡ್ಯೂಪ್ ಆಯ್ಕೆ ಕೊಟ್ಟಿದ್ದಾರೆ. ಅದನ್ನು ಹಾಕಿ, ಡ್ಯಾಶ್‌ಬೋರ್ಡ್ ಬದಲಿಸಿ, ನಂತರ ಹಳೆಯದನ್ನು ಕೈಬಿಡುವುದು ಸರಿಯಾದ ಕ್ರಮ. ಡೇಟಾ ಬರದಿದ್ದರೂ ಎಚ್ಚರಿಸುವ ನಿಯಮ ಪ್ರತಿ ಮುಖ್ಯ ಅಲರ್ಟ್‌ಗೂ ಇರಲಿ.

ಗುಟ್ಟಾಗಿರಬೇಕಾದ ಮಾಹಿತಿ ಸೋರುವುದು ಹೆಚ್ಚಾಗಿ ಯುಆರ್‌ಎಲ್‌ನ ಕ್ವೆರಿ ಭಾಗ, ಎಸ್‌ಕ್ಯುಎಲ್ ಪಠ್ಯ ಮತ್ತು ಎಕ್ಸೆಪ್ಶನ್ ಸಂದೇಶಗಳಲ್ಲಿ. ಕಲೆಕ್ಟರ್‌ನ ಆಟ್ರಿಬ್ಯೂಟ್ಸ್, ಟ್ರಾನ್ಸ್‌ಫಾರ್ಮ್, ರಿಡಾಕ್ಷನ್ ಪ್ರೊಸೆಸರ್‌ಗಳು ಅಳಿಸಲು, ಹ್ಯಾಶ್ ಮಾಡಲು ಸಮರ್ಥವಾಗಿವೆ. ಬೇಡದ್ದನ್ನು ಅಳಿಸುವುದಕ್ಕಿಂತ ಬೇಕಾದ ಆಟ್ರಿಬ್ಯೂಟ್‌ಗಳನ್ನು ಮಾತ್ರ ಬಿಡುವ ಪಟ್ಟಿ ಇಡುವುದು ಭದ್ರ.

ಒಂದೇ ಸರ್ವರ್, ಒಂದೇ ಅಪ್ಲಿಕೇಶನ್, ಇಬ್ಬರು ಡೆವಲಪರ್‌ಗಳ ತಂಡಕ್ಕೆ ಇಷ್ಟೆಲ್ಲ ಬೇಡ. ಪ್ರೊಮೀಥಿಯಸ್ ಕ್ಲೈಂಟ್ ಲೈಬ್ರರಿ, ಜೇಸನ್ ರೂಪದ ಲಾಗ್ ಫೈಲ್, ಒಂದು ಎರರ್ ಸಾಧನ ಸಾಕು. ಮೂರನೇ ಸೇವೆ ಹುಟ್ಟಿ, ನಿಧಾನ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಗದೆ ಹೋದಾಗ ಎಪಿಐ ಸೇರಿಸಿದರಾಯಿತು.

ಈಗಾಗಲೇ ಬಳಸುತ್ತಿರುವವರು ವೆಂಡರ್ ಬದಲಿಸುವ ಮುನ್ನ ಅದೇ ಪೈಪ್‌ಲೈನ್‌ಗೆ ಎರಡನೇ ಎಕ್ಸ್‌ಪೋರ್ಟರ್ ಸೇರಿಸಿ ಎರಡು ವಾರ ಜೋಡಿಯಾಗಿ ಓಡಿಸಬೇಕು. ಪ್ರತಿ ಎಕ್ಸ್‌ಪೋರ್ಟರ್ ಕಳಿಸಿದ ಸ್ಪ್ಯಾನ್‌ಗಳ ಎಣಿಕೆ ಕಲೆಕ್ಟರ್‌ನ 8888ರಲ್ಲೇ ಸಿಗುತ್ತದೆ. ಅದನ್ನು ಎರಡೂ ವೆಂಡರ್‌ಗಳು ಸ್ವೀಕರಿಸಿದ್ದೇವೆ ಎನ್ನುವ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿ. ಹೊಸ ಕಡೆ ಕಡಿಮೆ ಬಂದರೆ ಆಟ್ರಿಬ್ಯೂಟ್ ಉದ್ದದ ಮಿತಿ, ತಡವಾಗಿ ಬಂದ ಡೇಟಾ ತಿರಸ್ಕರಿಸುವ ನಿಯಮ, ಸೆಕೆಂಡಿಗೆ ಇಷ್ಟೇ ಎಂಬ ದರ ಮಿತಿ, ಈ ಮೂರನ್ನು ಕೇಳಿ ತಿಳಿದುಕೊಳ್ಳಿ. ಹಳೆಯ ಎಕ್ಸ್‌ಪೋರ್ಟರ್‌ನ ಸಾಲನ್ನು ಅಳಿಸುವುದು ಅದಾದ ಮೇಲೆ.